ವೀಡ್ ಕಟ್ಟರ್: ಕೊಳ್ಳೋದಾ, ನಾಲ್ಕು ಮನೆಗೆ ಒಂದು ಸಾಕಾ?

ವರ್ಷಕ್ಕೆ ಸುಮಾರು 4,000 ಮಿ.ಮೀ. ಮಳೆ ಸುರಿಯುವ ಉಡುಪಿಯಲ್ಲಿ ಅಂಗಳದ ಹುಲ್ಲು ಮೊಣಕಾಲು ಮುಟ್ಟೋದಕ್ಕೆ ಹೆಚ್ಚು ದಿನ ಬೇಡ. ಹುಲ್ಲು ತೆಗೆಯಲು ಜನ ಸಿಗೋದೂ ಕಷ್ಟ.

ಹುಲ್ಲು ಕತ್ತರಿಸುವ ಈ ಮೆಷಿನ್ ಸ್ವಂತದ್ದಿದ್ದರೆ ಮಳೆ ಬಿಟ್ಟ ಕೂಡಲೇ ಕೆಲಸ ಮುಗಿಸಬಹುದು. ಎಕರೆಗಟ್ಟಲೆ ತೋಟ ಇದ್ದವರು ಯೋಚಿಸದೆ ಕೊಳ್ಳಲಿ. ಹತ್ತು ಸೆಂಟ್ಸ್ ಜಾಗದವರ ಲೆಕ್ಕವೇ ಬೇರೆ. ಮಳೆಗಾಲ ಮುಗಿದ ಮೇಲೆ ಅದು ಮೂಲೆ ಸೇರುತ್ತದೆ. ಟ್ಯಾಂಕಿನಲ್ಲಿ ಉಳಿದ ಪೆಟ್ರೋಲ್ ಕೆಟ್ಟು ಎಂಜಿನ್‌ಗೆ ಪೆಟ್ರೋಲ್ ಬಿಡುವ ಕಾರ್ಬುರೇಟರ್‌ನಲ್ಲಿ ಅಂಟಾಗುತ್ತದೆ. ಕಡಲ ಗಾಳಿಗೆ ಬ್ಲೇಡ್ ತುಕ್ಕು ಹಿಡಿಯುತ್ತದೆ. ಜೂನ್‌ನಲ್ಲಿ ಸ್ಟಾರ್ಟ್ ಮಾಡೋ ಹಗ್ಗ ಎಳೆದೂ ಎಳೆದೂ ಕೈ ಸೋಲುತ್ತದೆ, ಮೆಷಿನ್ ಮಾತ್ರ ಕೆಮ್ಮುತ್ತದೆ ಅಷ್ಟೇ.

ನಾಲ್ಕು ಮನೆ ಸೇರಿ ತಂದದ್ದಾದರೆ ಖರ್ಚೂ ಹಂಚಿಹೋಗುತ್ತದೆ, ಮೆಷಿನ್ ಓಡುತ್ತಲೂ ಇರುತ್ತದೆ. ನನ್ನ ಓಟು ಇದಕ್ಕೇ. ಆದರೆ ಭಾನುವಾರ ಬಿಸಿಲು ಬಂದರೆ ನಾಲ್ಕೂ ಮನೆಗೆ ಅದೇ ದಿನ ಬೇಕು, ಅಲ್ವಾ? ಸರದಿ ಮೊದಲೇ ಮಾತಾಡಿಕೊಳ್ಳಿ. ಇನ್ನೊಂದು ಅಪಾಯ ಇದೆ. ಪೆಟ್ರೋಲ್‌ಗೆ ಆಯಿಲ್ ಬೆರೆಸಿಯೇ ಓಡಿಸಬೇಕಾದ ಟೂ-ಸ್ಟ್ರೋಕ್ ಎಂಜಿನ್ ಇದ್ದು, ಅದಕ್ಕೆ ಯಾರಾದರೂ ಆಯಿಲ್ ಬೆರೆಸದ ಪೆಟ್ರೋಲ್ ಹಾಕಿದರೆ ಪಿಸ್ಟನ್ ಹಿಡಿದುಕೊಳ್ಳುತ್ತದೆ, ರಿಪೇರಿ ದುಬಾರಿ. ಅದಕ್ಕೇ ಆಯಿಲ್ ಬೆರೆಸಿದ ಪೆಟ್ರೋಲ್ ಕ್ಯಾನ್ ಮೆಷಿನ್ ಜೊತೆಗೇ ಮನೆಯಿಂದ ಮನೆಗೆ ಹೋಗಲಿ. ಹುಲ್ಲು ಕತ್ತರಿಸುವ ನೈಲಾನ್ ದಾರ ಮುಗಿದರೆ, ಮುಗಿಸಿದವರೇ ತರಲಿ.

ಬಾಡಿಗೆಗೆ ತರೋದು ವರ್ಷಕ್ಕೆ ಒಂದೆರಡು ಸಲ ಸಾಕು ಅನ್ನುವವರಿಗೆ ಸರಿ. ಏಣಿ, ಹಾರೆಗೆಲ್ಲ ಇಷ್ಟು ತಲೆ ಕೆಡಿಸಿಕೊಳ್ಳಬೇಡಿ, ಸುಮ್ನೆ ಪಕ್ಕದ ಮನೆಯಲ್ಲಿ ಕೇಳಿ. ಕೆಲಸದ ವೇಳೆ ಕಣ್ಣು ಕಾಯುವ ಕನ್ನಡಕ, ಗಂಬೂಟು ಮಾತ್ರ ನಿಮ್ಮದೇ ಇರಲಿ.