ಮದುವೆ ವಿಡಿಯೋಗೆ ‘ಫಿಲ್ಮ್ ಲುಕ್’ ಅಂತ ಜಾಸ್ತಿ ದುಡ್ಡು ಕೇಳಿದರೆ ಹುಷಾರು

ಹುಬ್ಬಳ್ಳಿ-ಧಾರವಾಡ, ಗದಗ, ಹಾವೇರಿ ಕಡೆ ಮದುವೆ ಇಟ್ಟುಕೊಂಡಿರುವವರು ದಯವಿಟ್ಟು ಇದನ್ನು ಪೂರ್ತಿ ಓದಿ. ನನ್ನ ತಂಗಿಯ ಮದುವೆ ಧಾರವಾಡದಲ್ಲಿ ಆಯಿತು. ವಿಡಿಯೋಗೆ ಹುಬ್ಬಳ್ಳಿಯ ಒಂದು ಸ್ಟುಡಿಯೋದವರು ಬಂದಿದ್ದರು. ಸಿನಿಮಾ ಥರ ಕಲರ್ ಕೊಡ್ತೀವಿ ಅಂತ ಮಾಮೂಲಿ ರೇಟಿನ ಮೇಲೆ ಇನ್ನಷ್ಟು ತೆಗೆದುಕೊಂಡರು.

ಪೆನ್ ಡ್ರೈವ್ ಬಂದ ದಿನ ಎಲ್ಲರೂ ಟಿವಿ ಮುಂದೆ ಕೂತೆವು. ತಂಗಿಯ ಇಳಕಲ್ ಸೀರೆಯ ಟೋಪತೆನಿ ಸೆರಗು, ಆ ಕಡುಗೆಂಪು ಇದೆಯಲ್ಲ, ಅದು ಇಟ್ಟಂಗಿ ಬಣ್ಣಕ್ಕೆ ತಿರುಗಿತ್ತು. ಅದರೊಳಗಿನ ಬಿಳಿ ತೆನೆ ಹಳದಿ. ಹಸಿರು ಬಳೆ ಕಪ್ಪು. ಅರಿಷಿಣ ಹಚ್ಚಿದ ಕೆನ್ನೆಗೂ ಹಚ್ಚದ ಕೆನ್ನೆಗೂ ವ್ಯತ್ಯಾಸವೇ ಇಲ್ಲ, ಎಲ್ಲರ ಮುಖವೂ ಕಿತ್ತಳೆ. “ಇದ್ಯಾಕ ಹಿಂಗ ಆಗೇತಿ?” ಅಂತ ಅವ್ವ ಕೇಳಿದಳು.

ನಾನೂ ಎಡಿಟಿಂಗ್ ಕೆಲಸದವನೇ. ಫೈಲನ್ನು ಬಣ್ಣ ಸರಿಪಡಿಸುವ ಸಾಫ್ಟ್‌ವೇರ್ ಡಾವಿಂಚಿ ರಿಸಾಲ್ವ್‌ಗೆ ಹಾಕಿ ನೋಡಿದೆ. ಬೆಳಕಿನ ಮಟ್ಟ ತೋರಿಸುವ ಗ್ರಾಫ್ ವೇವ್‌ಫಾರ್ಮ್‌ನಲ್ಲಿ ಕಪ್ಪು ಭಾಗವೆಲ್ಲ ತಳಕ್ಕೆ ಅಂಟಿ ಒಂದೇ ಗೆರೆಯಾಗಿತ್ತು. ಸ್ಟುಡಿಯೋದವರನ್ನು ಕೇಳಿದಾಗ ವಿಷಯ ಗೊತ್ತಾಯಿತು. ಕ್ಯಾಮೆರಾದ ಮಾಮೂಲಿ ಪ್ರೊಫೈಲ್‌ನಲ್ಲಿ 8 ಬಿಟ್ ಶೂಟ್ ಮಾಡಿ, ಅದರ ಮೇಲೆ ಸೋನಿ ಕ್ಯಾಮೆರಾದ ಎಸ್-ಲಾಗ್3 ಅನ್ನೋ ಲಾಗ್ ಪ್ರೊಫೈಲ್‌ಗೆ ಅಂತ ಮಾಡಿದ ಲಟ್ (ಬಣ್ಣ ಬದಲಿಸುವ ರೆಡಿಮೇಡ್ ಫೈಲ್) ಹಾಕಿದ್ದಾರೆ. ಲಾಗ್‌ನಲ್ಲಿ ತೆಗೆದ ವಿಡಿಯೋ ನೋಡೋಕೆ ಬೂದುಬೂದಾಗಿ ಮಂಕಾಗಿರುತ್ತದೆ, ಅದಕ್ಕೆ ಕಾಂಟ್ರಾಸ್ಟು, ಬಣ್ಣ ತುಂಬೋದೇ ಆ ಲಟ್‌ನ ಕೆಲಸ. ಮೊದಲೇ ಎರಡೂ ಇರುವ ವಿಡಿಯೋಗೆ ಅದನ್ನು ಹಾಕಿದರೆ ನೆರಳು ಮುಚ್ಚಿಹೋಗುತ್ತದೆ, ಬೆಳಕು ಸುಟ್ಟುಹೋಗುತ್ತದೆ. 8 ಬಿಟ್‌ನಲ್ಲಿ ಒಂದೊಂದು ಬಣ್ಣಕ್ಕೆ ಇರೋದೇ 256 ಹಂತ, 10 ಬಿಟ್‌ನಲ್ಲಾದರೆ 1024. ಅಷ್ಟು ಕಡಿಮೆ ಹಂತಗಳನ್ನು ಹಿಗ್ಗಿಸಿದ್ದಕ್ಕೇ ಮೆರವಣಿಗೆಯಲ್ಲಿ ಸಂಜೆ ಆಕಾಶ ಪಟ್ಟೆಪಟ್ಟೆಯಾಗಿ ಒಡೆದಿತ್ತು.

ಹೋಗಲಿ, ಒರಿಜಿನಲ್ ಕೊಡಿ, ನಾನೇ ಸರಿ ಮಾಡ್ಕೋತೀನಿ ಅಂದೆ. “ಕಾರ್ಡ್ ಫಾರ್ಮ್ಯಾಟ್ ಮಾಡೇವ್ರಿ” ಅಂದರು. ಹೊಟ್ಟೆ ಉರಿದಿದ್ದು ಇಲ್ಲಿ. ಗ್ರೇಡಿಂಗ್, ಅಂದರೆ ಬಣ್ಣ ಹೊಂದಿಸೋದು, ಕೆಟ್ಟರೆ ಮತ್ತೆ ಮಾಡಬಹುದು, ಒರಿಜಿನಲ್ಲೇ ಹೋದರೆ ಎಂಥ ಕಲರಿಸ್ಟ್ ಬಂದರೂ ಆಗಲ್ಲ. ಮುಚ್ಚಿಹೋದ ನೆರಳಿನ ವಿವರ ಅವರು ಕೊಟ್ಟ ಫೈಲ್‌ನಲ್ಲಿ ಇರೋದೇ ಇಲ್ಲ.

ಲಟ್‌ಗೆ ಅಂತಲೇ ದುಡ್ಡು ಕೇಳೋದೂ ಸರಿಯಲ್ಲ. ಥಿಯೇಟರ್ ಪ್ರಿಂಟ್ ತೆಗೆಯುವ ಕೊಡಾಕ್ 2383 ಫಿಲ್ಮನ್ನು ಅನುಕರಿಸುವ ಲಟ್ ರಿಸಾಲ್ವ್‌ನ ಉಚಿತ ಆವೃತ್ತಿಯಲ್ಲೇ ಇದೆ. ಆದರೆ ಅದಕ್ಕೆ ಸಿನಿಯಾನ್ ಅನ್ನೋ ಥರದ ಲಾಗ್ ವಿಡಿಯೋನೇ ಬೇಕು. ಮೊದಲು ವೈಟ್ ಬ್ಯಾಲೆನ್ಸ್, ಎಕ್ಸ್‌ಪೋಷರ್ ಸರಿ ಮಾಡಿ, ಆಮೇಲೆ ರಿಸಾಲ್ವ್‌ನಲ್ಲೇ ಇರುವ ಟೂಲ್ ಕಲರ್ ಸ್ಪೇಸ್ ಟ್ರಾನ್ಸ್‌ಫಾರ್ಮ್‌ನಿಂದ ಸಿನಿಯಾನ್‌ಗೆ ತಂದು, ಕೊನೆಗೆ ಲಟ್ ಹಾಕಬೇಕು. ದುಡ್ಡು ಕೊಡೋದು ಈ ಕೆಲಸಕ್ಕೆ, ಒಂದೊಂದು ಶಾಟ್ ಕೂತು ಮಾಡೋದಕ್ಕೆ. ಲಟ್ ಅನ್ನೋದು ಈ ಬಣ್ಣಕ್ಕೆ ಆ ಬಣ್ಣ ಅಂತ ಹೇಳುವ ಪಟ್ಟಿ ಅಷ್ಟೇ. ಫಿಲ್ಮಿನ ಸಣ್ಣ ಕಾಳಿನಂಥ ಗ್ರೇನ್, ದೀಪದ ಸುತ್ತ ಕೆಂಪಗೆ ಹರಡುವ ಹ್ಯಾಲೇಶನ್ ಅದರಿಂದ ಬರಲ್ಲ.

ಅಡ್ವಾನ್ಸ್ ಕೊಡುವ ಮುಂಚೆ ಲಾಗ್‌ನಲ್ಲಿ 10 ಬಿಟ್ ಶೂಟ್ ಮಾಡ್ತೀರಾ ಅಂತ ಕೇಳಿ. ಶೂಟ್ ಆದ ಮೇಲೆ ಮೊದಲು ನಿಮ್ಮದೇ ಅರಿಷಿಣ ಶಾಸ್ತ್ರದ ಒಂದು ಕ್ಲಿಪ್ ಗ್ರೇಡ್ ಮಾಡಿಸಿ, ಮುಖ ಮತ್ತು ಸೀರೆ ನೋಡಿ ಒಪ್ಪಿಕೊಳ್ಳಿ. ಒರಿಜಿನಲ್ ಫೈಲ್‌ಗಳನ್ನು ನಿಮ್ಮ ಹಾರ್ಡ್‌ಡಿಸ್ಕ್‌ಗೆ ಹಾಕಿಕೊಡಬೇಕು ಅಂತ ಬಿಲ್‌ನಲ್ಲೇ ಬರೆಸಿ. ಅವು ಕೈಗೆ ಬಂದು, ಓಪನ್ ಮಾಡಿ ನೋಡಿದ ಮೇಲೆಯೇ ಬಾಕಿ ದುಡ್ಡು ಕೊಡಿ.