ಬೊಹೊಲ್: ಎಂಟು ಜಾಗ ಬೇಡ, ಮೂರು ಸಾಕು

ಫಿಲಿಪೈನ್ಸ್‌ನ 200 ಪೆಸೊ ನೋಟಿನ ಹಿಂಬದಿಯಲ್ಲಿ ಎರಡು ಚಿತ್ರ ಇವೆ. ಒಂದರಲ್ಲಿ ಬಟ್ಟಲು ಕವುಚಿಟ್ಟ ಹಾಗೆ ಸಾಲು ಗುಡ್ಡಗಳು. ಇನ್ನೊಂದರಲ್ಲಿ ಮುಖದ ತುಂಬ ಕಣ್ಣೇ ಇರುವ ಒಂದು ಪುಟ್ಟ ಪ್ರಾಣಿ. ಸೆಬುವಿನಲ್ಲಿ ದುಡ್ಡು ಬದಲಾಯಿಸುವಾಗ ಆ ನೋಟು ಕೈಗೆ ಬಂತು. ನಮ್ಮತ್ತೆ ಕನ್ನಡಕ ಏರಿಸಿಕೊಂಡು ನೋಡಿದರು. "ಇದು ಕಾಡುಪಾಪ ಅಲ್ವೇನೇ?" ಅಂದರು.

ಅಲ್ಲ. ಅದು ಟಾರ್ಸಿಯರ್. ಗುಡ್ಡಗಳೂ ಅದೂ ಎರಡೂ ಬೊಹೊಲ್ ದ್ವೀಪದವು. ಸೆಬುವಿನಿಂದ ಫೆರ್ರಿಯಲ್ಲಿ ಎರಡು ಗಂಟೆ. ಆ ದ್ವೀಪವೇ ಒಂದು ಪ್ರಾಂತ್ಯ. ಈ ಜನವರಿಯಲ್ಲಿ ನಾನು, ನಮ್ಮವರು, ಅತ್ತೆ ಮೂರೂ ಜನ ಅಲ್ಲಿ ನಾಲ್ಕು ದಿನ ಇದ್ದೆವು. ನಾನು ಆಪ್ಟೋಮೆಟ್ರಿಸ್ಟ್. ಬೆಳಗಿನಿಂದ ಸಂಜೆವರೆಗೆ ಬೇರೆಯವರ ಕಣ್ಣು ನೋಡುವುದೇ ನನ್ನ ಕೆಲಸ. ರಜೆ ಹಾಕಿ ಹೋಗಿದ್ದೂ ಕಣ್ಣು ನೋಡೋದಕ್ಕೇ ಅಂತ ನಮ್ಮವರು ಇನ್ನೂ ನಗುತ್ತಾರೆ.

ಮೊದಲ ದಿನ ಮಾಡಿದ ತಪ್ಪನ್ನು ಮೊದಲೇ ಹೇಳಿಬಿಡುತ್ತೇನೆ. ಅಲ್ಲಿ ಎಲ್ಲರೂ ಮಾರುವುದು 'ಕಂಟ್ರಿಸೈಡ್ ಟೂರ್' ಅನ್ನೋ ಒಂದು ದಿನದ ಪ್ಯಾಕೇಜು. ಒಂದೇ ದಿನದಲ್ಲಿ ಎಂಟು ಜಾಗ. ಹಳೇ ಚರ್ಚು, 1565ರಲ್ಲಿ ಸ್ಪೇನಿನವರು ಇಲ್ಲಿನ ಮುಖಂಡನ ಜೊತೆ ಮಾಡಿಕೊಂಡ ರಕ್ತ ಒಪ್ಪಂದದ ಪ್ರತಿಮೆ, ಚಿಟ್ಟೆ ತೋಟ, ಬಿದಿರಿನ ತೂಗುಸೇತುವೆ, ನದಿ ಮೇಲಿನ ಊಟ, ಮಹಾಗನಿ ಕಾಡು, ಟಾರ್ಸಿಯರ್, ಕೊನೆಗೆ ಗುಡ್ಡ. ಪ್ರತಿ ಕಡೆಯೂ ಇಪ್ಪತ್ತು ನಿಮಿಷ. ಇಳಿ, ಫೋಟೊ ತೆಗಿ, ಹತ್ತು.

ಟಾರ್ಸಿಯರ್ ಅಂತ ಚಾಲಕ ನಮ್ಮನ್ನು ಕರೆದುಕೊಂಡು ಹೋಗಿದ್ದು ದಾರಿ ಬದಿಯ ಒಂದು ಜಾಗಕ್ಕೆ. ಹೆಸರು ಬೇಡ. ಬಸ್ಸುಗಳು ಸಾಲಾಗಿ ನಿಂತಿದ್ದವು. ಒಂದು ಗಿಡದ ಸುತ್ತ ಇಪ್ಪತ್ತೈದು ಜನ, ನಡುವೆ ನಿದ್ದೆ ತೂಗುತ್ತಿರುವ ಒಂದು ಪ್ರಾಣಿ. ಒಬ್ಬ ಹುಡುಗನ ಫ್ಲ್ಯಾಶ್ ಹೊತ್ತಿಕೊಂಡಿತು. ಕಾವಲಿನವನು ಕೂಗಿದ. ಆ ಕೂಗಿಗೇ ಪ್ರಾಣಿ ಇನ್ನಷ್ಟು ಮುದುಡಿಕೊಂಡಿತು. ನಾಲ್ಕು ನಿಮಿಷಕ್ಕೇ ಹೊರಗೆ ಬಂದೆವು, ಬಂದ ಕಡೆಯೇ ಕೀಚೈನ್ ಅಂಗಡಿ. "ಇನ್ನೊಂದು ಜಾಗ ಇದೆಯಲ್ಲ, ಕೊರೆಲ್ಲಾದಲ್ಲಿ?" ಅಂತ ಚಾಲಕನನ್ನು ಕೇಳಿದೆ. ದೂರ ಮ್ಯಾಮ್, ಅಲ್ಲಿ ಕಾಣೋದೇ ಇಲ್ಲ ಮ್ಯಾಮ್ ಅಂದ. ಎರಡೂ ಸುಳ್ಳು.

ಮಾರನೇ ದಿನ ಬೇರೆ ಗಾಡಿ ಮಾಡಿಕೊಂಡು ಕೊರೆಲ್ಲಾಗೆ ಹೋದೆವು. ರಾಜಧಾನಿ ಟಗ್ಬಿಲಾರನ್‌ನಿಂದ ಅರ್ಧ ಗಂಟೆ ಚಿಲ್ಲರೆ ಅಷ್ಟೆ. ಇದು ಫಿಲಿಪೈನ್ ಟಾರ್ಸಿಯರ್ ಸ್ಯಾಂಕ್ಚುರಿ. ನಡೆಸುತ್ತಿರುವುದು ಫಿಲಿಪೈನ್ ಟಾರ್ಸಿಯರ್ ಫೌಂಡೇಶನ್. ಇದರ ಹಿಂದೆ ಒಬ್ಬ ಮನುಷ್ಯನ ಕಥೆ ಇದೆ. ಕಾರ್ಲಿಟೊ ಪಿಜಾರಸ್ ಅಂತ, ಊರವರ ಬಾಯಲ್ಲಿ 'ಟಾರ್ಸಿಯರ್ ಮ್ಯಾನ್'. ಚಿಕ್ಕವರಿದ್ದಾಗ ಅಪ್ಪನ ಜೊತೆ ಇದೇ ಪ್ರಾಣಿಯನ್ನು ಹಿಡಿದು, ಹೊಟ್ಟು ತುಂಬಿ ಮಾರುತ್ತಿದ್ದವರು. ಕಾಡಿನಲ್ಲಿ ಸಂಖ್ಯೆ ಇಳಿಯುವುದು ಕಣ್ಣಿಗೆ ಬಿದ್ದ ಮೇಲೆ ಅವುಗಳನ್ನು ಉಳಿಸುವ ಕೆಲಸಕ್ಕೆ ಇಳಿದರು. 1997ರಲ್ಲಿ ಸರ್ಕಾರವೇ ಟಾರ್ಸಿಯರನ್ನು ವಿಶೇಷ ಸಂರಕ್ಷಿತ ಪ್ರಾಣಿ ಅಂತ ಘೋಷಿಸಿತು.

ಟಿಕೆಟು ದೊಡ್ಡ ಮೊತ್ತವೇನಲ್ಲ, ಒಂದು ಊಟದ ದುಡ್ಡೂ ಆಗಲಿಲ್ಲ. ಒಬ್ಬ ಗೈಡ್ ಜೊತೆಗೆ ಬಂದ. ಫೋನಿನ ಫ್ಲ್ಯಾಶ್ ಆರಿದೆಯೋ ಇಲ್ಲವೋ ಅಂತ ಒಂದೊಂದು ಫೋನನ್ನೂ ತಾನೇ ನೋಡಿದ. ಆಮೇಲೆ ಅತ್ತೆಯ ಕೈ ನೋಡಿದ. ಗಾಜಿನ ಬಳೆ. ತುಟಿ ಮೇಲೆ ಬೆರಳಿಟ್ಟು ತೋರಿಸಿದ. ಅತ್ತೆಗೆ ತಕ್ಷಣ ಅರ್ಥವಾಯಿತು. ಬಳೆಗಳನ್ನು ಮೊಣಕೈ ಕಡೆಗೆ ಏರಿಸಿ, ಮೇಲೆ ಕರ್ಚೀಫು ಸುತ್ತಿಕೊಂಡರು. ಅಲ್ಲಿಂದ ಮುಂದೆ ಇಪ್ಪತ್ತು ನಿಮಿಷ ಯಾರೂ ಬಾಯಿ ಬಿಡಲಿಲ್ಲ. ನಮ್ಮನೆಯಲ್ಲಿ ಇದೊಂದು ದಾಖಲೆ.

ಕೆಸರು ಕಾಲುದಾರಿ. ಎರಡೂ ಕಡೆ ನಿಜವಾದ ಕಾಡು. ಗೈಡ್ ನಿಂತು ಕೈ ತೋರಿಸಿದ. ನನಗೆ ಎಲೆ ಬಿಟ್ಟರೆ ಏನೂ ಕಾಣಲಿಲ್ಲ. ಆಮೇಲೆ ಎಲೆಯ ಕೆಳಗೆ ಒಂದು ಕಣ್ಣು ಕಂಡಿತು.

ನನ್ನ ಮುಷ್ಟಿಯಷ್ಟೇ ಇತ್ತು. ಇಡೀ ಪ್ರಾಣಿ ಹೆಚ್ಚೆಂದರೆ 160 ಗ್ರಾಂ, ಕೈಯಲ್ಲಿದ್ದ ಫೋನೇ ಅದಕ್ಕಿಂತ ಭಾರ. ಉದ್ದನೆಯ ಬೆರಳು, ಪ್ರತಿ ಬೆರಳ ತುದಿಯಲ್ಲೂ ದುಂಡನೆ ಮೆತ್ತೆ. ಕೂದಲಿಲ್ಲದ ಬಾಲವನ್ನು ಕೊಂಬೆಗೆ ಒತ್ತಿ, ಅದರ ಮೇಲೆ ಭಾರ ಬಿಟ್ಟು ಕೂತಿತ್ತು. ಕಣ್ಣಿನ ಅಡ್ಡಗಲ ಸುಮಾರು 16 ಮಿಲಿಮೀಟರ್. ನಮ್ಮ ಕಣ್ಣು 24. ಆಳು ಗಾತ್ರದ ಮನುಷ್ಯನ ಕಣ್ಣಿನ ಮೂರನೇ ಎರಡು ಭಾಗ, ಒಂದು ಮುಷ್ಟಿ ಪ್ರಾಣಿಯ ಮುಖದಲ್ಲಿ! ಒಂದೊಂದು ಕಣ್ಣೂ ಅದರ ಮಿದುಳಿನಷ್ಟು ದೊಡ್ಡದು. ಹಗಲಾದ್ದರಿಂದ ಪಾಪೆ ಸಾಸಿವೆ ಕಾಳಿನಷ್ಟು ಕಿರಿದಾಗಿತ್ತು.

ನನ್ನ ಕೆಲಸದಲ್ಲಿ ದಿನಕ್ಕೆ ಐವತ್ತು ಸಲ ಹೇಳುವ ಮಾತೊಂದಿದೆ. "ತಲೆ ಅಲ್ಲಾಡಿಸಬೇಡಿ, ಕಣ್ಣು ಮಾತ್ರ ತಿರುಗಿಸಿ." ಈ ಪ್ರಾಣಿಗೆ ಅದು ಆಗುವುದೇ ಇಲ್ಲ. ಕಣ್ಣು ಗೂಡಿನಲ್ಲಿ ಗಟ್ಟಿಯಾಗಿ ಕೂತುಬಿಟ್ಟಿದೆ. ಪಕ್ಕಕ್ಕೆ ನೋಡಬೇಕೆಂದರೆ ತಲೆಯನ್ನೇ ತಿರುಗಿಸಬೇಕು, ಹೆಚ್ಚೂಕಮ್ಮಿ ಬೆನ್ನ ಕಡೆಗೆ ಪೂರ್ತಿ ತಿರುಗುತ್ತದೆ. ಇನ್ನೊಂದು ವಿಷಯ ಅತ್ತೆಗೆ ಆಮೇಲೆ ಹೇಳಿದೆ. ಬೆಕ್ಕಿನ ಕಣ್ಣು ರಾತ್ರಿ ಹೊಳೆಯುತ್ತಲ್ಲ, ಒಳಗೆ ಕನ್ನಡಿಯಂಥ ಪದರ ಇರುವುದರಿಂದ. ಕಾಡುಪಾಪಕ್ಕೂ ಆ ಪದರ ಇದೆ. ಟಾರ್ಸಿಯರ್‌ಗೆ ಇಲ್ಲ. ಕತ್ತಲಲ್ಲಿ ಬೇಟೆ ಆಡಬೇಕು, ಕನ್ನಡಿ ಇಲ್ಲ, ಹಾಗಾಗಿ ಕಣ್ಣನ್ನೇ ಈ ಪಾಟಿ ದೊಡ್ಡದು ಮಾಡಿಕೊಂಡಿದೆ. ತಿನ್ನುವುದು ಹುಳ, ಹಲ್ಲಿಯಂಥ ಜೀವ ಮಾತ್ರ. ಎಲೆ, ಹಣ್ಣು ಮುಟ್ಟುವುದಿಲ್ಲ.

ನಾವು ನೋಡುತ್ತಿದ್ದಾಗ ಅದು ಒಮ್ಮೆ ಬಾಯಿ ಅಗಲಿಸಿತು. "ಆಕಳಿಸ್ತಿದೆ ಪಾಪ" ಅಂತ ಅತ್ತೆ ಕಣ್ಣಲ್ಲೇ ಸನ್ನೆ ಮಾಡಿದರು. ಇರಬಹುದು. ಕೂಗುತ್ತಿದ್ದರೂ ಇರಬಹುದು. 2012ರಲ್ಲಿ ಸಂಶೋಧಕರು ಕಂಡುಕೊಂಡ ಪ್ರಕಾರ ಇವು 70 ಕಿಲೋಹರ್ಟ್ಸ್‌ನಲ್ಲಿ ಕೂಗುತ್ತವೆ. ನಮ್ಮ ಕಿವಿ 20ಕ್ಕೇ ಮುಗಿಯಿತು. ಬಳೆ ಯಾಕೆ ಏರಿಸಿಕೊಳ್ಳಬೇಕಾಗಿ ಬಂತು ಅಂತ ಅತ್ತೆಗೆ ಆವಾಗ ಸರಿಯಾಗಿ ಹೊಳೆಯಿತು. ನಮಗೆ ಕಿಣಿಕಿಣಿ, ಅದಕ್ಕೆ ತಮಟೆ.

ಒಟ್ಟು ನೋಡಿದ್ದು ಮೂರೇ. ಅಷ್ಟು ದೂರ ಹೋಗಿ ಮೂರೇನಾ ಅಂತ ಕೇಳುವವರು ಹೋಗಬೇಡಿ. ರಾತ್ರಿ ಓಡಾಡುವ ಪ್ರಾಣಿ, ನಾವು ಹೋಗಿ ನೋಡುವುದು ಅದರ ನಿದ್ದೆ ಹೊತ್ತಿನಲ್ಲಿ. ಹಿಂಸೆಯಾದರೆ ತಲೆ ಚಚ್ಚಿಕೊಂಡು ಸಾಯುವುದೂ ಉಂಟಂತೆ. ಮೂರು ಕಂಡಿದ್ದೇ ದೊಡ್ಡದು. ಐದಕ್ಕೆ ಐದು ಕೊಡುತ್ತೇನೆ. ಕೆಸರಿಗೆ ಅರ್ಧ ಕಳೆಯೋಣ ಅಂತ ನಮ್ಮವರು ಅಂದರು, ಚಪ್ಪಲಿ ಹಾಕಿಕೊಂಡು ಬಂದಿದ್ದು ಅವರ ತಪ್ಪು.

ಇನ್ನು ಚಾಕೊಲೇಟ್ ಗುಡ್ಡಗಳು. ಕಾರ್ಮೆನ್ ಊರಿನ ಹತ್ತಿರ. ಒಂದೆರಡಲ್ಲ, ಕಡಿಮೆ ಎಂದರೂ 1,260 ಗುಡ್ಡ. ಹೆಚ್ಚಿನವು 30ರಿಂದ 50 ಮೀಟರ್ ಎತ್ತರ. ಎಲ್ಲವೂ ಸಮುದ್ರದ ಹವಳದಿಂದ ಆದ ಸುಣ್ಣಕಲ್ಲು. ನೆಲ ಮೇಲೆದ್ದ ಮೇಲೆ ಮಳೆ ಅದನ್ನು ತಿಂದು ತಿಂದು ಈ ಆಕಾರಕ್ಕೆ ತಂದಿದೆ. ಮರ ಕಡಿಮೆ, ಹುಲ್ಲೇ ಜಾಸ್ತಿ. ಬೇಸಿಗೆಯಲ್ಲಿ ಹುಲ್ಲು ಒಣಗಿ ಕಂದು ಬಣ್ಣಕ್ಕೆ ತಿರುಗುತ್ತದೆ, ಅದಕ್ಕೇ ಚಾಕೊಲೇಟ್. ನೋಡುವ ಕಟ್ಟೆಗೆ 214 ಮೆಟ್ಟಿಲು. ಅತ್ತೆ ಎಣಿಸಿಕೊಂಡೇ ಹತ್ತಿದರು, ಮೂರು ಕಡೆ ಕೂತರು. ಮೇಲೆ ಹೋಗಿ ಸುತ್ತ ನೋಡಿ, "ಎಲ್ಲೇ ಚಾಕೊಲೇಟು? ಇದು ಪಾಲಕ್ ಇಡ್ಲಿ" ಅಂದರು. ನಿಜ. ಜನವರಿಯಲ್ಲಿ ಎಲ್ಲ ಹಸಿರು. ಏಪ್ರಿಲ್, ಮೇನಲ್ಲಿ ಹೋದವರಿಗೆ ರಾಗಿ ಮುದ್ದೆ ಸಿಗುತ್ತದೆ. ಬಣ್ಣವೇ ಮುಖ್ಯ ಅನ್ನುವವರು ಆಗಲೇ ಹೋಗಿ, ಆದರೆ ಬಿಸಿಲು ತಡೆಯಬೇಕು.

ನಾವು ಪ್ಯಾಕೇಜಿನಲ್ಲಿ ಮಧ್ಯಾಹ್ನ ಎರಡಕ್ಕೆ ಹೋಗಿದ್ದು ದಂಡ. ಬೆಳಕು ಚಪ್ಪಟೆ, ಗುಡ್ಡಗಳೂ ಚಪ್ಪಟೆ, ಸೆಲ್ಫಿಗೆ ಕ್ಯೂ. ಮೂರನೇ ದಿನ ಬೆಳಗಿನ ಜಾವ ಎದ್ದು ಮತ್ತೆ ಹೋದೆವು. ಗುಡ್ಡಗಳ ಬುಡದಲ್ಲಿ ಮಂಜು ನಿಂತಿತ್ತು, ಹಾಲಿನಲ್ಲಿ ತೇಲಿಬಿಟ್ಟ ಹಾಗೆ. ಅದೇ ಜಾಗ ಅಂದರೆ ನಂಬೋಕಾಗಲ್ಲ. 2013ರ ಅಕ್ಟೋಬರ್ 15ರಂದು ಇಲ್ಲಿ 7.2 ತೀವ್ರತೆಯ ಭೂಕಂಪ ಆಗಿ, ನೋಡುವ ಕಟ್ಟೆಯೂ ಮುರಿದಿತ್ತು. ಈಗಿರುವುದು ಮತ್ತೆ ಕಟ್ಟಿದ್ದು. 2023ರಲ್ಲಿ ಇಡೀ ದ್ವೀಪಕ್ಕೆ ಯುನೆಸ್ಕೊ ಜಿಯೊಪಾರ್ಕ್, ಅಂದರೆ ಭೂರಚನೆಗಾಗಿಯೇ ಕಾಪಾಡಬೇಕಾದ ಜಾಗ, ಅನ್ನೋ ಮನ್ನಣೆ ಸಿಕ್ಕಿತು, ಆ ದೇಶದಲ್ಲೇ ಮೊದಲನೆಯದು. ಮರು ವರ್ಷವೇ ಗುಡ್ಡದ ಬುಡದಲ್ಲಿ ಈಜುಕೊಳ ಇರುವ ರೆಸಾರ್ಟಿನ ವಿಡಿಯೊ ಎಲ್ಲ ಕಡೆ ಹರಿದಾಡಿ ದೊಡ್ಡ ಗಲಾಟೆ ಆಯಿತು. ಚೆಂದದ ಜಾಗ ಕಂಡ ಕೂಡಲೇ ಕೊಳ ತೋಡುವ ಬುದ್ಧಿ ಎಲ್ಲ ಕಡೆ ಒಂದೇ ಅಲ್ವಾ.

ಉಳಿದದ್ದು ಬೇಗ ಹೇಳುತ್ತೇನೆ. ಬಿಲಾರ್ ದಾರಿಯ ಮಹಾಗನಿ ಕಾಡು ಎರಡು ಕಿಲೋಮೀಟರ್, ನೆಟ್ಟು ಬೆಳೆಸಿದ್ದು, ಮರವೂ ಹೊರಗಿನದು. ನೆರಳು ತಂಪು, ಆದರೆ ಒಂದು ಹಕ್ಕಿ ದನಿ ಕೇಳಲಿಲ್ಲ. ನಡುರಸ್ತೆಯಲ್ಲಿ ಮಲಗಿ ಫೋಟೊ ತೆಗೆಸಿಕೊಳ್ಳುವವರನ್ನು ನೋಡಿ ಜೀವ ಬಾಯಿಗೆ ಬಂತು. ಲೊಬೊಕ್ ನದಿಯ ದೋಣಿ ಊಟದಲ್ಲಿ ಸಸ್ಯಾಹಾರಿಗಳಿಗೆ ಅನ್ನ, ಅನಾನಸು, ಬಾಳೆಹಣ್ಣು, ಅಷ್ಟೆ. ಅತ್ತೆ ಬ್ಯಾಗಿನಿಂದ ಚಟ್ನಿಪುಡಿ ತೆಗೆದರು, ನಾನೂ ಕೈ ಚಾಚಿದೆ. ನದಿ ಮಾತ್ರ ಚೆಂದ. ಚಿಟ್ಟೆ ತೋಟ, ತೂಗುಸೇತುವೆ ನೋಡದೆ ಬಿಟ್ಟರೂ ಏನೂ ಕಳೆದುಕೊಳ್ಳುವುದಿಲ್ಲ.

ನನ್ನ ಮೂರನೇ ಜಾಗ ಬಲಿಕಸಾಗ್. ಬೊಹೊಲ್ ಪಕ್ಕದ ಪಾಂಗ್ಲಾವ್ ದ್ವೀಪದ ತೀರದಿಂದ ದೋಣಿಯಲ್ಲಿ ಹೋಗುವ ಪುಟ್ಟ ದ್ವೀಪ, ಸುತ್ತ ಸಂರಕ್ಷಿತ ಸಮುದ್ರ. ಬೆಳಗ್ಗೆ ಆರಕ್ಕೇ ಹೊರಟರೆ ಒಳ್ಳೇದು, ಆಮೇಲೆ ದೋಣಿಗಳು ಜಾಸ್ತಿ. ಕೊಳವೆ ಬಾಯಲ್ಲಿಟ್ಟು ಮುಖ ನೀರಿಗೆ ಇಳಿಸಿದೆ. ಕೆಳಗೆ ಒಂದು ಹಸಿರು ಕಡಲಾಮೆ ಹುಲ್ಲು ಮೇಯುತ್ತಿತ್ತು, ಥೇಟ್ ಎಮ್ಮೆ ಹಾಗೆ, ಯಾರಿದ್ದಾರೆ ಯಾರಿಲ್ಲ ಅನ್ನೋ ಚಿಂತೆಯೇ ಇಲ್ಲದೆ. ಮುಟ್ಟುವ ಹಾಗಿಲ್ಲ. ಮುಟ್ಟಲು ಹೋದ ಒಬ್ಬರನ್ನು ದೋಣಿಯವರು ಸರಿಯಾಗಿ ಬೈದರು, ಅದಕ್ಕೇ ಅರ್ಧ ಅಂಕ ಜಾಸ್ತಿ.

ಹೋಗುವವರಿಗೆ ಎರಡು ಮಾತು. 2025ರ ಜೂನ್‌ನಿಂದ ಭಾರತದವರಿಗೆ 14 ದಿನಕ್ಕೆ ವೀಸಾ ಬೇಕಾಗಿಲ್ಲ. ಕೈಯಲ್ಲಿ ಚಿಲ್ಲರೆ ಪೆಸೊ ಇರಲಿ. ಗಾಡಿ ಮಾತಾಡುವಾಗಲೇ "ಕೊರೆಲ್ಲಾ" ಅಂತ ಬಾಯಿಬಿಟ್ಟು ಹೇಳಿ, ಬರೀ ಟಾರ್ಸಿಯರ್ ಅಂದರೆ ಎಲ್ಲಿಗೆ ಬೇಕಾದರೂ ಕರೆದುಕೊಂಡು ಹೋಗುತ್ತಾರೆ. ಫೋಟೊದ ಆಸೆ ಜಾಸ್ತಿ ಇಟ್ಟುಕೊಳ್ಳಬೇಡಿ. ನಮ್ಮತ್ತೆ ಫೋನಿನಲ್ಲಿ ಅವತ್ತಿನ ಆರು ಫೋಟೊ ಇವೆ. ಐದರಲ್ಲಿ ಎಲೆ, ಒಂದರಲ್ಲಿ ಅವರದೇ ಬೆರಳು. ಬಂದವರಿಗೆಲ್ಲ ಆ ಎಲೆ ದೊಡ್ಡದು ಮಾಡಿ, ಇಲ್ಲೇ ಹಿಂದೆ ಇದೆ ನೋಡಿ ಅಂತ ತೋರಿಸುತ್ತಾರೆ.