ಇಂಗ್ಲಿಷ್ ಗ್ರಾಮರ್ ಆ್ಯಪ್: ಎರಡು ವರ್ಷ ಬಳಸಿದ ಮೇಲೆ 5ಕ್ಕೆ 3

ಬಳಸಿದ್ದು ಬೆಳಗಾವಿಯಲ್ಲಿ, 8ರಿಂದ 10ನೇ ಕ್ಲಾಸಿನ ಕನ್ನಡ ಮೀಡಿಯಂ ಹುಡುಗರಿಗಾಗಿ, ಚಂದಾ ಕಟ್ಟಿ. ಪುಕ್ಕಟೆ ಆವೃತ್ತಿ ಹಾಕಿಕೊಳ್ಳುವುದೇ ಬೇಡ, ಪ್ರಶ್ನೆಗಿಂತ ಜಾಹೀರಾತೇ ಹೆಚ್ಚು.

ಇದರ ಗಟ್ಟಿ ಭಾಗ ಕ್ವೆಶ್ಚನ್ ಟ್ಯಾಗ್, ಅಂದರೆ ವಾಕ್ಯದ ಕೊನೆಗೆ ಅಂಟಿಸುವ ಪುಟ್ಟ ಪ್ರಶ್ನೆ. ನಮ್ಮ ಕಡೆ ಮಾತಿನ ಕೊನೆಗೆ ‘ಹೌದಿಲ್ಲೋ?’ ಅಂದರೆ ಮುಗಿಯಿತು. ಕರ್ತೃ ಯಾರು, ಕಾಲ ಯಾವುದು ನೋಡಬೇಕಿಲ್ಲ. ಅದಕ್ಕೇ ಹುಡುಗರು ಎಲ್ಲ ವಾಕ್ಯಕ್ಕೂ ‘ಇಸಂಟ್ ಇಟ್?’ ಅಂಟಿಸುತ್ತಾರೆ. ದಿನಕ್ಕೆ 15 ವಾಕ್ಯದಂತೆ ಮೂರು ವಾರ ಮಾಡಿಸಿದರೆ ಈ ಚಟ ಬಿಡುತ್ತದೆ. ಆದರೆ ಆ್ಯಪ್‌ನ ವಿವರಣೆ ‘ವಾಕ್ಯ ಪಾಸಿಟಿವ್ ಇದ್ದರೆ ಟ್ಯಾಗ್ ನೆಗೆಟಿವ್’ ಎಂಬಲ್ಲಿಗೇ ನಿಲ್ಲುತ್ತದೆ. ‘ಹಿ ಹಾರ್ಡ್ಲಿ ಸ್ಪೀಕ್ಸ್’ಗೆ ‘ಡಸ್ ಹಿ?’ ಬರುವುದು ‘ಹಾರ್ಡ್ಲಿ’ಯಲ್ಲೇ ನಿಷೇಧ ಅಡಗಿರುವುದರಿಂದ. ‘ಹಿ ಪುಟ್ ದ ಬ್ಯಾಗ್ ಹಿಯರ್’ಗೆ ‘ಡಿಡಂಟ್ ಹಿ?’, ವರ್ತಮಾನವಾಗಿದ್ದರೆ ‘ಪುಟ್ಸ್’ ಇರಬೇಕಿತ್ತು, ‘ಎಸ್’ ಇಲ್ಲ, ಅಂದರೆ ಭೂತಕಾಲ. ಇಷ್ಟನ್ನು ಬಾಯಲ್ಲಿ ಹೇಳಿಕೊಡಲೇಬೇಕು.

ದೊಡ್ಡ ಕೊರತೆ ಎಂದರೆ ಎಲ್ಲವೂ ನಾಲ್ಕು ಆಯ್ಕೆಯ ಪ್ರಶ್ನೆ. ಒಬ್ಬರ ಮಾತನ್ನು ಇನ್ನೊಬ್ಬರು ವರದಿ ಮಾಡುವ ರಿಪೋರ್ಟೆಡ್ ಸ್ಪೀಚ್‌ನಲ್ಲಿ ಆ್ಯಪ್‌ ಮೇಲೆ 10ಕ್ಕೆ 9 ತೆಗೆಯುವ ಹುಡುಗ ಹಾಳೆಯ ಮೇಲೆ ‘ಹಿ ಆಸ್ಕ್ಡ್ ಮಿ ವೇರ್ ವಾಸ್ ಐ ಗೋಯಿಂಗ್’ ಎಂದು ಬರೆಯುತ್ತಾನೆ. ‘ಐ ವಾಸ್’ ಎಂದು ತಿರುಗಿಸುವುದು ಅವನಿಗೆ ಬಂದಿರಲೇ ಇಲ್ಲ, ಬಂದದ್ದು ತಪ್ಪು ಉತ್ತರ ಹೊಡೆದುಹಾಕುವುದು. ಇದಕ್ಕೆ ಉಪಾಯ: ನೋಟ್‌ಬುಕ್ಕಿನ ರಟ್ಟು ಕತ್ತರಿಸಿ ಸ್ಕ್ರೀನಿನ ಕೆಳಗಿನ ಅರ್ಧ ಮುಚ್ಚಿ. ಉತ್ತರ ಮೊದಲು ಪೂರ್ತಿ ವಾಕ್ಯವಾಗಿ ಬರೆಯಲಿ, ಆಮೇಲೆ ರಟ್ಟು ತೆಗೆದು ಒತ್ತಲಿ. 15 ಪ್ರಶ್ನೆಗೆ ಹತ್ತು ನಿಮಿಷದ ಬದಲು ಅರ್ಧ ತಾಸು ಹಿಡಿಯುತ್ತದೆ, ಹಿಡಿಯಲಿ.

ಶಬ್ದಭಂಡಾರ ಸಾಧಾರಣ. ಪದದ ಕಾರ್ಡುಗಳು ದಿನ ಬಿಟ್ಟು ಮರಳಿ ಬರುವುದು ಒಳ್ಳೆಯದು, ಆದರೆ ಕನ್ನಡ ಅರ್ಥ ಮಷೀನಿನದು: ‘ಬ್ಯಾಂಕ್’ ಎಂದರೆ ಘಟಪ್ರಭೆಯ ದಂಡೆಗೂ ಖಡೇಬಜಾರದ ಬ್ಯಾಂಕಿಗೂ ಒಂದೇ ಅರ್ಥ ಕೊಡುತ್ತದೆ. ‘ಕಲರ್’ನಲ್ಲಿ ‘ಯು’ ಬಿಟ್ಟ ಅಮೆರಿಕದ ಸ್ಪೆಲಿಂಗೂ ಅದಕ್ಕೆ ಸರಿ. ನಮ್ಮ ಪಠ್ಯದಲ್ಲಿ ‘ಯು’ ಇದೆ.

ಸಾಹಿತ್ಯದ ವಿಭಾಗಕ್ಕೆ ದುಡ್ಡು ದಂಡ. ‘ಲೈಕ್, ಆ್ಯಸ್ ಇದ್ದರೆ ಸಿಮಿಲಿ (ಉಪಮೆ)’ ಎಂದು ಕಲಿಸಿ ‘ಆ್ಯಸ್ ಟಾಲ್ ಆ್ಯಸ್ ಹಿಸ್ ಫಾದರ್’ ಅನ್ನೂ ಸಿಮಿಲಿ ಮಾಡಿಬಿಡುತ್ತದೆ. ಮಗನನ್ನು ಅಪ್ಪನಿಗೆ ಅಳೆದರೆ ಅದು ಬರೀ ಅಳತೆ. ‘ಆ್ಯಸ್ ಟಾಲ್ ಆ್ಯಸ್ ಎ ಪಾಮ್ ಟ್ರೀ’ ಎಂದರೆ ಸಿಮಿಲಿ. ಕನ್ನಡ ಪಿರಿಯಡ್ಡಿನಲ್ಲಿ ಕಲಿತ ಉಪಮೇಯ (ಹೋಲಿಸುವ ವಸ್ತು), ಉಪಮಾನ (ಯಾವುದಕ್ಕೆ ಹೋಲಿಕೆಯೋ ಅದು), ವಾಚಕಪದ (‘ಹಾಗೆ’, ‘ಅಂತೆ’ಯಂಥದು), ಸಮಾನಧರ್ಮ (ಎರಡರಲ್ಲೂ ಇರುವ ಗುಣ) ನಾಲ್ಕನ್ನೂ ಇಂಗ್ಲಿಷ್ ಸಾಲಿನ ಕೆಳಗೆ ಬರೆಸಿದರೆ ಹುಡುಗರು ತಾವೇ ಹಿಡಿಯುತ್ತಾರೆ. ವಾಚಕಪದ ಕಳಚಿ ಎರಡೂ ಒಂದೇ ಎಂದರೆ ಮೆಟಾಫರ್ (ರೂಪಕ). ಯಾರು, ಯಾರಿಗೆ, ಯಾವ ಸಂದರ್ಭದಲ್ಲಿ ಹೇಳಿದರು ಎಂಬ ಸಂದರ್ಭ ಪ್ರಶ್ನೆಗೆ ಆ್ಯಪ್ ಕೊಡುವ ಪಾಠದ ಸಾರಾಂಶ ಸಾಲದು, ಪಾಠವನ್ನೇ ಓದಬೇಕು.

ಮಳೆಗಾಲದಲ್ಲಿ ಕರೆಂಟು, ನೆಟ್ಟು ಎರಡೂ ಕೈಕೊಡುತ್ತವೆ, ವಾರದ ಪಾಠ ಡೌನ್‌ಲೋಡ್ ಮಾಡಿಟ್ಟುಕೊಳ್ಳಿ.

8, 9ನೇ ಕ್ಲಾಸಿಗೆ ಜೂನ್‌ನಲ್ಲೇ ಚಂದಾ ಕಟ್ಟಿದರೆ ನಷ್ಟವಿಲ್ಲ. 10ನೆಯವರು ಜನವರಿಗೆ ನಿಲ್ಲಿಸಿಬಿಡಿ. ಎಸ್ಸೆಸ್ಸೆಲ್ಸಿ ದ್ವಿತೀಯ ಭಾಷೆ ಇಂಗ್ಲಿಷಿನ ಲಿಖಿತ ಪರೀಕ್ಷೆ 80 ಅಂಕದ್ದು. ಅದರಲ್ಲಿ ಬರುವ ಪತ್ರ, ಪ್ರಬಂಧ, ಬಾಯಿಪಾಠದ ಪದ್ಯ ಯಾವುದನ್ನೂ ಈ ಆ್ಯಪ್‌ ತಿದ್ದುವುದಿಲ್ಲ.